ಕರಗದೆ ಕೂಡುವ ಲೋಹಗಳು

ಕುಂಬಾರನ ಆವಿಗೆಯಲ್ಲಿ ಮಡಕೆ ಬೇಯುತ್ತದೆ, ಕರಗುವುದಿಲ್ಲ. ಬೇಯುವ ಮುನ್ನ ನೀರು ಬಿದ್ದರೆ ಕೆಸರಾಗುತ್ತಿದ್ದ ಮಣ್ಣು, ಬೆಂದ ಮೇಲೆ ಅದೇ ನೀರನ್ನು ಹಿಡಿದಿಡುತ್ತದೆ. ಆವಿಗೆಯ ಕಾವಿನಲ್ಲಿ ಮಣ್ಣಿನ ಒಂದೊಂದು ಕಣವೂ ಪಕ್ಕದ ಕಣವನ್ನು ಕಚ್ಚಿ ಹಿಡಿದದ್ದೇ ಇದಕ್ಕೆ ಕಾರಣ. ಮನುಷ್ಯ ಸಾವಿರಾರು ವರ್ಷಗಳಿಂದ ಮಾಡುತ್ತಾ ಬಂದಿರುವ ಈ ಕೆಲಸವನ್ನು ಲೋಹದ ಪುಡಿಯ ಮೇಲೂ ಮಾಡಬಹುದು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಅದು ಕರಗುವ ಉಷ್ಣತೆಗಿಂತ ಕೆಳಗೇ ನಿಲ್ಲಿಸಿ ಕಾಯಿಸಿದರೆ, ಗಟ್ಟಿಯಾದ ಲೋಹದ ತುಂಡು ಕೈಗೆ ಬರುತ್ತದೆ. ಎಂಜಿನಿಯರುಗಳು ಇದನ್ನು ‘ಸಿಂಟರಿಂಗ್’ ಎನ್ನುತ್ತಾರೆ. ಲೋಹವನ್ನು ‘ಬೇಯಿಸುವುದು’ ಎಂದರೆ ಕನ್ನಡದಲ್ಲಿ ಅರ್ಥ ಸಾಕಷ್ಟು ಸರಿಯಾಗಿಯೇ ಬರುತ್ತದೆ.

ಲೋಹವನ್ನು ಕರಗಿಸಿ ಎರಕ ಹೊಯ್ಯುವ ಸುಲಭದ ದಾರಿ ಇರುವಾಗ ಪುಡಿ ಮಾಡಿ ಬೇಯಿಸುವ ಗೋಜೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಒಂದು ಉತ್ತರ ಪದರಗಳಲ್ಲಿದೆ.

ಅಡುಗೆಮನೆಯ ಹಳೆಯ ತಾಮ್ರದ ಪಾತ್ರೆಯನ್ನೇ ನೋಡಬಹುದು. ಹೊರಗೆ ತಾಮ್ರ, ಒಳಗೆ ತವರದ ಕಲಾಯಿ. ತಾಮ್ರ ಬೆಂಕಿಯ ಶಾಖವನ್ನು ಬೇಗ ಹರಡುತ್ತದೆ. ತವರ ಹುಳಿಯ ಪದಾರ್ಥ ಕಿಲುಬು ಹಿಡಿಯದಂತೆ ಕಾಯುತ್ತದೆ. ಇವೆರಡನ್ನೂ ಕರಗಿಸಿ ಬೆರೆಸಿದರೆ ಹುಟ್ಟುವುದು ಮೂರನೆಯದೇ ಒಂದು ಲೋಹ, ಕಂಚು. ಅದು ಉಪಯುಕ್ತವಾದದ್ದೇ, ಆದರೆ ಅದು ತಾಮ್ರವೂ ಅಲ್ಲ, ತವರವೂ ಅಲ್ಲ. ಪದರದ ಉದ್ದೇಶ ಬೇರೆ. ಅಲ್ಲಿ ಎರಡು ಲೋಹಗಳು ಬಿಡಿಸಲಾಗದಂತೆ ಕೂಡಬೇಕು, ಆದರೆ ಒಂದರೊಳಗೊಂದು ಕಳೆದುಹೋಗಬಾರದು. ಒಂದು ಭಾರ ಹೊರಬೇಕು, ಇನ್ನೊಂದು ಉಜ್ಜಾಟ ಸಹಿಸಬೇಕು; ಒಂದು ಮೆರುಗು ಕೊಡಬೇಕು, ಇನ್ನೊಂದು ಬಲ ಕೊಡಬೇಕು. ಕರಗಿಸುವ ಬೆಂಕಿ ಈ ಭೇದವನ್ನು ಅಳಿಸಿಬಿಡುತ್ತದೆ. ಬೇಯಿಸುವ ಬೆಂಕಿ ಉಳಿಸಿಕೊಡುತ್ತದೆ.

ನೆರೆಯಿಲ್ಲದ ಕಣಗಳು

ಕರಗದೆ ಕಣಗಳು ಅಂಟಿಕೊಳ್ಳುವುದು ಹೇಗೆ? ಲೋಹದ ತುಂಡೊಂದರ ಒಳಗಿರುವ ಪರಮಾಣುವಿಗೆ ಎಲ್ಲ ದಿಕ್ಕಿನಲ್ಲೂ ನೆರೆಹೊರೆ ಇರುತ್ತದೆ. ಹೊರಮೈಯಲ್ಲಿರುವುದಕ್ಕೆ ಒಂದು ಕಡೆ ಬರಿದು. ಹೀಗಾಗಿ ಹೊರಮೈಯ ಪರಮಾಣುಗಳಲ್ಲಿ ಶಕ್ತಿ ಹೆಚ್ಚು. ಅವಕಾಶ ಸಿಕ್ಕರೆ ಹೊರಮೈಯನ್ನು ಕಡಿಮೆ ಮಾಡಿಕೊಳ್ಳುವುದೇ ಲೋಹದ ಸ್ವಭಾವ. ಒಂದು ಸೆಂಟಿಮೀಟರ್ ಅಳತೆಯ ಘನಾಕೃತಿಯ ತುಂಡಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಳತೆಯ ಪುಟ್ಟ ಘನಗಳಾಗಿ ಒಡೆದರೆ, ಒಟ್ಟು ಹೊರಮೈ ಸಾವಿರ ಪಟ್ಟು ಹೆಚ್ಚಿ 6,000 ಚದರ ಸೆಂಟಿಮೀಟರ್ ಆಗುತ್ತದೆ. ಪುಡಿಯಲ್ಲಿ ಅಡಗಿ ಕುಳಿತ ಈ ಶಕ್ತಿಯೇ ಬೆಸುಗೆಯ ಮೂಲ ಬಂಡವಾಳ.

ಕಾವು ಏರಿದಂತೆ ಪರಮಾಣುಗಳು ಜಾಗ ಬದಲಿಸತೊಡಗುತ್ತವೆ. ಎರಡು ಕಣಗಳು ತಾಗಿದ ಜಾಗದಲ್ಲಿ ಸಣ್ಣದೊಂದು ಕೊರಳು ಮೂಡುತ್ತದೆ. ಅದು ದಪ್ಪವಾಗುತ್ತಾ ಹೋದಂತೆ ನಡುವಿನ ಸಂದುಗಳು ಕಿರಿದಾಗುತ್ತವೆ. ಇಡೀ ತುಂಡು ಕುಗ್ಗಿ ಗಟ್ಟಿಯಾಗುತ್ತದೆ. ಕಬ್ಬಿಣ ಕರಗುವುದು 1,538 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕಬ್ಬಿಣದ ಪುಡಿಯನ್ನು ಬೇಯಿಸಲು ಸಾಮಾನ್ಯವಾಗಿ 1,120 ಡಿಗ್ರಿ ಸಾಕು. ಆದರೆ ಕಣಗಳ ಮೈಮೇಲೆ ಗಾಳಿಯ ಆಮ್ಲಜನಕದಿಂದ ಪೊರೆ ಕಟ್ಟಿಕೊಂಡರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಹೈಡ್ರೋಜನ್‌ನಂಥ ಅನಿಲ ತುಂಬಿದ ಅಥವಾ ಗಾಳಿಯನ್ನೇ ತೆಗೆದುಹಾಕಿದ ಕುಲುಮೆಯಲ್ಲಿ ಈ ಕೆಲಸ ನಡೆಯುತ್ತದೆ.

ಕರಗಿಸಲಾಗದವರ ಜಾಣ್ಮೆ

ಈ ವಿದ್ಯೆ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ಮತ್ತು ಕೊಲಂಬಿಯಾ ದೇಶಗಳ ಪೆಸಿಫಿಕ್ ಕರಾವಳಿಯಲ್ಲಿ, ನದಿಗಳ ಮರಳಿನಲ್ಲಿ ಚಿನ್ನದ ಜೊತೆಗೆ ಪ್ಲಾಟಿನಂ ಕಣಗಳೂ ಸಿಗುತ್ತವೆ. ಅಲ್ಲಿನ ಲಾ ಟೊಲಿಟಾ ಸಂಸ್ಕೃತಿಯ ಅಕ್ಕಸಾಲಿಗರು ಸುಮಾರು 2,000 ವರ್ಷಗಳ ಹಿಂದೆಯೇ ಪ್ಲಾಟಿನಮ್ಮಿನಿಂದ ಮೂಗುತಿ, ಉಂಗುರ, ಸಣ್ಣ ಮುಖವಾಡಗಳನ್ನು ಮಾಡುತ್ತಿದ್ದರು. ಪ್ಲಾಟಿನಂ ಕರಗಲು 1,768 ಡಿಗ್ರಿ ಬೇಕು. ಇದ್ದಿಲಿನ ಬೆಂಕಿಗೆ ಊದುಗೊಳವೆಯಿಂದ ಉಸಿರು ಊದಿ ಕೆಲಸ ಮಾಡುತ್ತಿದ್ದ ಜನಕ್ಕೆ ಆ ಶಾಖ ಕನಸಿನ ಮಾತು.

ಅವರು ಹಿಡಿದ ದಾರಿಯನ್ನು ಡೆನ್ಮಾರ್ಕಿನ ಪಾಲ್ ಬೆರ್ಗ್ಸೋ ಎಂಬ ಸಂಶೋಧಕ 1937ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ. ಪ್ಲಾಟಿನಂ ಕಣಗಳಿಗೆ ಸ್ವಲ್ಪ ಚಿನ್ನದ ಪುಡಿ ಬೆರೆಸಿ ಕಾಯಿಸಿದರೆ, 1,064 ಡಿಗ್ರಿಯಲ್ಲಿ ಚಿನ್ನ ಮಾತ್ರ ಕರಗಿ, ಪ್ಲಾಟಿನಂ ಕಣಗಳ ನಡುವೆ ಹರಿದು ಅವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಬಡಿಯುವುದು, ಮತ್ತೆ ಕಾಯಿಸುವುದು, ಮತ್ತೆ ಬಡಿಯುವುದು. ಹೀಗೆ ಮಾಡುತ್ತಾ ಹೋದರೆ ಕಣಗಳ ಗುರುತು ಅಳಿಸಿ ಬಿಳುಪಾದ ಒಂದೇ ಲೋಹವಾಗುತ್ತದೆ. ಚಿನ್ನದ ಒಡವೆಯ ಮೇಲೆ ಪ್ಲಾಟಿನಮ್ಮಿನ ತೆಳುಪದರವನ್ನು ಬೆಸೆದ ವಸ್ತುಗಳನ್ನೂ ಬೆರ್ಗ್ಸೋ ಗುರುತಿಸಿದ. ಎರಡು ಬಣ್ಣದ, ಎರಡು ಪದರದ ಲೋಹವನ್ನು ಈ ಅನಾಮಿಕ ಕುಶಲಕರ್ಮಿಗಳು ಆಗಲೇ ಸಾಧಿಸಿದ್ದರು. ಅಲ್ಲಿಗೆ ಬಂದ ಸ್ಪೇನಿನವರಿಗೆ ಈ ಲೋಹ ಚಿನ್ನಕ್ಕೆ ಅಂಟಿದ ಪೀಡೆಯಾಗಿ ಕಂಡಿತು. ‘ಕಿರುಬೆಳ್ಳಿ’ ಎಂಬ ಅರ್ಥದಲ್ಲಿ ಅವರು ಹಗುರವಾಗಿ ಕರೆದ ಹೆಸರೇ ಪ್ಲಾಟಿನಂ ಎಂದು ಉಳಿಯಿತು.

ಯುರೋಪು ಇದೇ ಜಾಗಕ್ಕೆ ಬಂದು ಮುಟ್ಟಿದ್ದು ಬಹಳ ತಡವಾಗಿ. ಇಂಗ್ಲೆಂಡಿನ ವಿಲಿಯಂ ಹೈಡ್ ವೊಲ್ಲಾಸ್ಟನ್ ಪ್ಲಾಟಿನಮ್ಮನ್ನು ಮೆತ್ತನೆಯ ಪುಡಿಯಾಗಿ ಪಡೆದು, ಒತ್ತಿ, ಕಾಯಿಸಿ, ಬಡಿದು ಗಟ್ಟಿ ಮಾಡುವ ವಿಧಾನವನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟುಕೊಂಡು ವ್ಯಾಪಾರ ನಡೆಸಿದ. 1828ರಲ್ಲಿ, ತನ್ನ ಸಾವಿಗೆ ಕೆಲವೇ ವಾರ ಮುಂಚೆ, ಅದನ್ನು ರಾಯಲ್ ಸೊಸೈಟಿಯ ಮುಂದೆ ಬಹಿರಂಗಪಡಿಸಿದ. ರಷ್ಯಾದಲ್ಲಿ ಪ್ಯೋತ್ರ್ ಸೊಬೊಲೆವ್ಸ್ಕಿ ಇಂಥದ್ದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ. 1828ರಿಂದ 1845ರವರೆಗೆ ಆ ದೇಶ ಪ್ಲಾಟಿನಂ ನಾಣ್ಯಗಳನ್ನೇ ಟಂಕಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಮನೆಮನೆ ಬೆಳಗಿದ ಬಲ್ಬಿನ ತಂತಿಯೂ ಈ ಕುಲದ್ದೇ. 3,400 ಡಿಗ್ರಿ ದಾಟಿದ ಮೇಲೆ ಕರಗುವ ಟಂಗ್‌ಸ್ಟನ್ ಪುಡಿಯನ್ನು ಒತ್ತಿ, ಬೇಯಿಸಿ, ಬಡಿದು ಎಳೆದು ಬಗ್ಗುವ ತಂತಿ ಮಾಡುವ ದಾರಿಯನ್ನು ಅಮೆರಿಕದ ವಿಲಿಯಂ ಕೂಲಿಜ್ 1910ರ ಹೊತ್ತಿಗೆ ಸಿದ್ಧಪಡಿಸಿದ್ದ.

ಎಂಜಿನ್ ಒಳಗಿನ ಪದರ

ಕರಗಿಸಲಾಗದ್ದನ್ನು ಕೂಡಿಸುವುದು ಮೊದಲ ಹಂತವಾದರೆ, ಒಗ್ಗದ್ದನ್ನು ಒಟ್ಟಿಗಿಡುವುದು ಎರಡನೆಯದು. ಮೋಟಾರು ವಾಹನಗಳ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಕೂರುವ ಬೇರಿಂಗ್ ಭಾರವನ್ನೂ ಹೊರಬೇಕು, ಮೆತ್ತಗೂ ಇರಬೇಕು. ಉಕ್ಕು ಭಾರ ಹೊರುತ್ತದೆ, ಆದರೆ ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಎರಡೂ ಹಾಳು. ತಾಮ್ರ ಮತ್ತು ಸೀಸದ ಜೋಡಿ ಉಜ್ಜಾಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ತಾಮ್ರ ಗಟ್ಟಿಯಾಗುವಾಗ ಸೀಸವನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಎರಕ ಹೊಯ್ದು ನಿಧಾನವಾಗಿ ಆರಲು ಬಿಟ್ಟರೆ ಭಾರವಾದ ಸೀಸ ಬೇರ್ಪಟ್ಟು ತಳ ಸೇರುತ್ತದೆ.

ಪುಡಿ ಈ ಜಗಳವನ್ನು ಬಗೆಹರಿಸಿತು. ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ತಾಮ್ರ–ಸೀಸದ ಪುಡಿಯನ್ನು ಸಮನಾಗಿ ಉದುರಿಸಿ, ಪಟ್ಟಿಯನ್ನು ಕುಲುಮೆಯ ಮೂಲಕ ನಿಧಾನವಾಗಿ ಸಾಗಿಸುತ್ತಾರೆ. ತಾಮ್ರದ ಕಣಗಳು ಒಂದಕ್ಕೊಂದು ಮತ್ತು ಕೆಳಗಿನ ಉಕ್ಕಿಗೆ ಬೆಸೆದುಕೊಳ್ಳುತ್ತವೆ. ಸೀಸ ಕರಗಿದರೂ ತಾಮ್ರದ ಜಾಲದ ಸಂದುಗಳಲ್ಲಿ ಸಿಕ್ಕಿಬಿದ್ದಿರುತ್ತದೆ. ಬಳಿಕ ಉರುಳೆಗಳ ನಡುವೆ ಒತ್ತಿ, ಮತ್ತೊಮ್ಮೆ ಬೇಯಿಸಿ, ಕತ್ತರಿಸಿ ಅರೆವೃತ್ತವಾಗಿ ಬಗ್ಗಿಸಿದರೆ ಬೇರಿಂಗ್ ಸಿದ್ಧ. ಸೀಸದ ವಿಷದ ಕಾರಣಕ್ಕೆ ಯುರೋಪು 2000ದಲ್ಲಿ ವಾಹನಗಳಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದ ಮೇಲೆ ತವರ, ಬಿಸ್ಮತ್‌ನಂಥ ಲೋಹಗಳು ಆ ಜಾಗಕ್ಕೆ ಬರತೊಡಗಿದವು. ಪದರದ ತತ್ವ ಮಾತ್ರ ಹಾಗೆಯೇ ಉಳಿಯಿತು.

ಇದರ ಇನ್ನೊಂದು ಸೋದರ, ಎಣ್ಣೆ ಕುಡಿದ ಕಂಚಿನ ಬುಷ್. ಇಲ್ಲಿ ಕಂಚಿನ ಪುಡಿಯನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ಬೇಕೆಂದೇ ಸಂದುಗಳನ್ನು ಉಳಿಸಿ ಅವುಗಳಲ್ಲಿ ಎಣ್ಣೆ ತುಂಬುತ್ತಾರೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ಬೆವರುವಂತೆ, ತಿರುಗಿ ಬಿಸಿಯಾದಾಗ ಈ ಬುಷ್ ಎಣ್ಣೆ ಬೆವರುತ್ತದೆ. ನಿಂತಾಗ ಮತ್ತೆ ಹೀರಿಕೊಳ್ಳುತ್ತದೆ. ಸಣ್ಣ ಮೋಟಾರುಗಳು, ಫ್ಯಾನುಗಳು ವರ್ಷಗಟ್ಟಲೆ ಎಣ್ಣೆ ಕೇಳದೆ ತಿರುಗುವುದರ ಗುಟ್ಟು ಇದು.

ವಿಮಾನದ ಬ್ರೇಕು ಕೂಡ ಈ ಸಾಲಿಗೇ ಸೇರುತ್ತದೆ. ಇಳಿಯುವ ವಿಮಾನವನ್ನು ನಿಲ್ಲಿಸುವ ಪ್ಯಾಡಿನಲ್ಲಿ ಶಾಖ ಹರಡಲು ತಾಮ್ರ ಅಥವಾ ಕಬ್ಬಿಣ, ಜಾರಿಕೆಗೆ ಗ್ರಾಫೈಟ್, ಹಿಡಿತಕ್ಕೆ ಸಿಲಿಕಾ ಎಲ್ಲವೂ ಬೇಕು. ಕಲ್ಲು, ಇದ್ದಿಲು, ಲೋಹ ಒಟ್ಟಿಗೆ ಕರಗಿ ಬೆರೆಯುವ ಮಾತೇ ಇಲ್ಲ. ಪುಡಿಯಾಗಿ ಬೆರೆಸಿ, ಉಕ್ಕಿನ ತಟ್ಟೆಗೆ ಒತ್ತಿ ಬೇಯಿಸುವುದೊಂದೇ ಉಪಾಯ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಎರಕ ಮತ್ತು ಕುಲುಮೆ ವಿಭಾಗ ವಿಮಾನಗಳಿಗೆ ಇಂಥ ಬ್ರೇಕ್ ಪ್ಯಾಡುಗಳನ್ನು ತಯಾರಿಸಿದೆ.

ಗಡಿಯಲ್ಲಿ ಕಾಯುವ ಕಂಟಕ

ಪದರದ ಕೆಲಸ ಹೇಳಿದಷ್ಟು ಸಲೀಸಲ್ಲ. ಬೇಯುವಾಗ ಎಲ್ಲ ಪುಡಿಗಳೂ ಸಮನಾಗಿ ಕುಗ್ಗುವುದಿಲ್ಲ. ಒಂದು ಪದರ ಹೆಚ್ಚು ಕುಗ್ಗಿದರೆ ತುಂಡು ಹಪ್ಪಳದಂತೆ ಸೊಟ್ಟಗಾಗುತ್ತದೆ, ಇಲ್ಲವೇ ಪದರ ಬಿಡುತ್ತದೆ. ತಣಿಯುವಾಗಿನ ಕುಗ್ಗುವಿಕೆಯೂ ಲೋಹದಿಂದ ಲೋಹಕ್ಕೆ ಬೇರೆ. ಕೆಲವು ಜೋಡಿಗಳಲ್ಲಂತೂ ಗಡಿಯಲ್ಲೇ ಗಾಜಿನಂತೆ ಒಡೆಯುವ ಸಂಯುಕ್ತ ಹುಟ್ಟುತ್ತದೆ; ಕಬ್ಬಿಣ ಮತ್ತು ಅಲ್ಯೂಮಿನಿಯಂ ಇದಕ್ಕೆ ಹೆಸರಾದ ಜೋಡಿ.

ಬೆಳ್ಳಿ ಮತ್ತು ತಾಮ್ರದ ಜೋಡಿ ಇನ್ನೊಂದು ಪಾಠ ಕಲಿಸುತ್ತದೆ. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ತಾಮ್ರ 1,085ರಲ್ಲಿ. ಆದರೆ ಇವೆರಡು ತಾಗಿದ ಗಡಿಯಲ್ಲಿ 779 ಡಿಗ್ರಿಗೇ ದ್ರವ ಹುಟ್ಟುತ್ತದೆ. ಎರಡೂ ಗಟ್ಟಿಯಾಗಿರುವಾಗಲೇ ನಡುವಿನ ಗೆರೆ ಕರಗಿ ಹರಿದು ಚಿತ್ತಾರವೆಲ್ಲ ಕಲಸಿಹೋಗಬಹುದು. ಜಪಾನಿನ ಅಕಿಟಾದಲ್ಲಿದ್ದ ಶೋವಾಮಿ ದೆನ್‌ಬೇ (1651–1728) ಎಂಬ ಕುಶಲಕರ್ಮಿಯಿಂದ ಮೊದಲಾಯಿತೆನ್ನಲಾದ ‘ಮೊಕುಮೆ ಗಾನೆ’ ಕಲೆಯಲ್ಲಿ ತಾಮ್ರ, ಬೆಳ್ಳಿ ಮುಂತಾದವುಗಳ ತಗಡುಗಳನ್ನು ಪೇರಿಸಿ, ಬಿಗಿದು, ಕಾಯಿಸಿ ಬೆಸೆಯುತ್ತಾರೆ. ಆಮೇಲೆ ಕೊರೆದು ಬಡಿದಾಗ ಮರದ ಹಲಗೆಯ ಗೆರೆಗಳಂಥ ವಿನ್ಯಾಸ ಮೇಲೆ ಬರುತ್ತದೆ. ಗಡಿ ಕರಗುವ ಆ ಒಂದು ಗಳಿಗೆಯನ್ನು ಕಣ್ಣಳತೆಯಲ್ಲೇ ಹಿಡಿಯುವುದು ಆ ಕಲೆಯ ಕಷ್ಟದ ಭಾಗ.

1990ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿ ಬೆಳ್ಳಿಯ ಪುಡಿಗೆ ಅಂಟು ಮತ್ತು ನೀರು ಬೆರೆಸಿ ಜೇಡಿಮಣ್ಣಿನಂತೆ ಮಿದಿಯಬಹುದಾದ ‘ಲೋಹದ ಜೇಡಿ’ಯನ್ನು ಮಾರುಕಟ್ಟೆಗೆ ತಂದಿತು. ಕೈಯಲ್ಲೇ ಒಡವೆ ತಿದ್ದಿ ಗೂಡಿನಲ್ಲಿಟ್ಟರೆ ಅಂಟು ಸುಟ್ಟುಹೋಗಿ ಬೆಳ್ಳಿ ಉಳಿಯುತ್ತದೆ. ಆಮೇಲೆ ತಾಮ್ರದ ಜೇಡಿಯೂ ಬಂತು. ಎರಡನ್ನೂ ಚಪಾತಿಯಂತೆ ಲಟ್ಟಿಸಿ ಪೇರಿಸಿದರೆ ಮೊಕುಮೆ ಸುಲಭವಾಗಿ ಆಗಬೇಕಿತ್ತು. ಆದರೆ ಬೆಳ್ಳಿಯ ಜೇಡಿಯ ಅಂಟು ಸುಡಲು ಗಾಳಿ ಬೇಕು. ತಾಮ್ರಕ್ಕೆ ಗಾಳಿ ತಾಗಿದರೆ ಕಪ್ಪು ಕಟ್ಟುತ್ತದೆ. ತಾಮ್ರದ ಪುಡಿ ಚೆನ್ನಾಗಿ ಬೇಯುವ ಶಾಖ 779 ಡಿಗ್ರಿಯ ಗೆರೆಗಿಂತ ಮೇಲಿದೆ. ಹೀಗೆ ಪುಡಿ ಬಂದರೂ ಹಳೆಯ ಕುಶಲತೆಯ ಅಗತ್ಯ ತಪ್ಪಲಿಲ್ಲ.

ಉಕ್ಕಿನ ಅಲೆಗಳು

ಪದರದ ಲೋಹ ಎಂದೊಡನೆ ಜಗತ್ತು ನೆನೆಯುವುದು ಡಮಾಸ್ಕಸ್ ಕತ್ತಿಯನ್ನು. ಅಲಗಿನ ಮೇಲೆ ನೀರಿನ ಅಲೆಗಳಂತೆ ಹರಿಯುವ ಗೆರೆಗಳು ಅದರ ಗುರುತು. ಆದರೆ ಈ ಒಂದು ಹೆಸರಿನ ಕೆಳಗೆ ಎರಡು ಬೇರೆ ವಿದ್ಯೆಗಳಿವೆ. ಒಂದು, ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಕಾಯಿಸಿ ಬಡಿದು ಬೆಸೆದು, ಮಡಿಸಿ ಮಡಿಸಿ ಪದರ ಹೆಚ್ಚಿಸುವುದು. ಇನ್ನೊಂದು, ದಕ್ಷಿಣ ಭಾರತದ ಮೂಸೆಯ ಉಕ್ಕು. ಕಬ್ಬಿಣದ ಚೂರುಗಳನ್ನು ತಂಗಡಿಯಂಥ ಗಿಡಗಳ ಕಟ್ಟಿಗೆ, ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ, ನಿಧಾನವಾಗಿ ಆರಿಸಿ ಪಡೆಯುತ್ತಿದ್ದದ್ದು ಅದು. ಮೈಸೂರು ಸೀಮೆಯಲ್ಲಿ ಈ ಕೆಲಸ ನಡೆಯುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ 1800–01ರ ತನ್ನ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ಯುರೋಪಿನ ವಿದ್ವಾಂಸರು ಇದನ್ನು ‘ವೂಟ್ಸ್’ ಎಂದು ಕರೆದರು. ಕನ್ನಡದ ‘ಉಕ್ಕು’ ಎಂಬ ಮಾತೇ ಹಾಗೆ ರೂಪ ಕೆಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮೈಕೇಲ್ ಫ್ಯಾರಡೆಯಂಥವನೂ 1819ರಿಂದ ಕೆಲವು ವರ್ಷ ಇದರ ಬೆನ್ನು ಹತ್ತಿದ್ದ.

ಈ ಉಕ್ಕಿನಲ್ಲಿ ಕಾಣುವ ಗೆರೆಗಳನ್ನು ಯಾರೂ ಪೇರಿಸಿದ್ದಲ್ಲ. ಗಡುಸಾದ ಕಾರ್ಬೈಡ್ ಕಣಗಳು ಲೋಹದೊಳಗೆ ತಾವಾಗಿ ಸಾಲುಗಟ್ಟಿದಾಗ ಅವು ಮೂಡುತ್ತವೆ. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಜೊತೆಯಾಗಿ ನಡೆಸಿದ ಪ್ರಯೋಗಗಳು ಇದರ ಹಿಂದಿನ ಒಂದು ಸೂಕ್ಷ್ಮವನ್ನು ತೋರಿಸಿದವು. ಉಕ್ಕಿನಲ್ಲಿ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ಇದ್ದಾಗ ಮಾತ್ರ ಕಣಗಳು ಚೆನ್ನಾಗಿ ಸಾಲುಗಟ್ಟುತ್ತವೆ. ಅದಿರಿನಲ್ಲಿ ಆ ಅಂಶ ಇಲ್ಲವಾದರೆ, ಅದೇ ಕೈ, ಅದೇ ಮೂಸೆ, ಅದೇ ಬೆಂಕಿಯಿಂದಲೂ ಅಲೆಗಳು ಮೂಡಲಾರವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕತ್ತಿಗಳ ವಿದ್ಯೆ ಮರೆಯಾದದ್ದಕ್ಕೆ ಅದಿರಿನ ಮೂಲ ಬದಲಾದದ್ದೂ ಒಂದು ಕಾರಣವಿರಬಹುದೆಂದು ಅವರು ಸೂಚಿಸಿದರು. ಬರಹಕ್ಕಿಳಿಯದೆ ಕೈಯಿಂದ ಕೈಗೆ ದಾಟುತ್ತಿದ್ದ ಜ್ಞಾನ, ಕೈಗೆ ಸಿಗುವ ಪದಾರ್ಥ ಬದಲಾದಾಗ ಎಷ್ಟು ಅಸಹಾಯಕವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಬಡಿದು ಬೆಸೆಯುವ ಮೊದಲ ವಿದ್ಯೆಗೂ ಒಂದು ಮಿತಿಯಿತ್ತು. ತುಕ್ಕು ಹಿಡಿಯದ ಉಕ್ಕನ್ನು ಕುಲುಮೆಯಲ್ಲಿ ಬಡಿದು ಬೆಸೆಯುವುದು ಬಹಳ ಕಷ್ಟ. ಆ ಉಕ್ಕನ್ನು ತುಕ್ಕಿನಿಂದ ಕಾಯುವ ಕ್ರೋಮಿಯಂ ಆಕ್ಸೈಡಿನ ಪೊರೆಯೇ ಬೆಸುಗೆಗೆ ಅಡ್ಡಗೋಡೆ. ಇದಕ್ಕೆ ಪುಡಿಯ ದಾರಿಯಲ್ಲಿ ಉತ್ತರ ಹುಡುಕಿದವರು ಸ್ವೀಡನ್ನಿನವರು. ಹಡಗಿನ ಲಂಗರು ಮಾಡಲು 1676ರಲ್ಲಿ ಆರಂಭವಾದ ಕಾರ್ಖಾನೆಯ ಊರು ಸೋಡರ್‌ಫೋರ್ಸ್. ಅಲ್ಲಿ 1970ರ ಸುಮಾರಿನಿಂದ ಪುಡಿಯಿಂದ ಉಕ್ಕು ಮಾಡುವ ಉದ್ಯಮ ಬೆಳೆದಿತ್ತು. 1990ರ ದಶಕದಲ್ಲಿ ಪೆರ್ ಬಿಲ್ಗ್ರೆನ್ ಮತ್ತು ಚಾಕು ತಯಾರಿಸುವ ಕಮ್ಮಾರ ಕಾಯ್ ಎಂಬ್ರೆಟ್ಸೆನ್ ಸೇರಿ ಅಲ್ಲಿ ‘ಡಮಾಸ್ಟೀಲ್’ ವಿಧಾನವನ್ನು ರೂಪಿಸಿದರು.

ಕರಗಿದ ಉಕ್ಕಿನ ಸಣ್ಣ ಧಾರೆಗೆ ನೈಟ್ರೋಜನ್ ಅನಿಲವನ್ನು ರಭಸದಿಂದ ಊದಿದರೆ ಅದು ಹನಿಹನಿಯಾಗಿ ಚದುರಿ, ಬೀಳುವಷ್ಟರಲ್ಲಿ ಗುಂಡನೆಯ ಕಣಗಳಾಗಿ ಗಟ್ಟಿಯಾಗುತ್ತದೆ. ಹೀಗೆ ಎರಡು ಬಗೆಯ ಪುಡಿಗಳು ತಯಾರಾಗುತ್ತವೆ. ಒಂದರಲ್ಲಿ ಶೇಕಡ 1ರಷ್ಟು ಇಂಗಾಲ, 14ರಷ್ಟು ಕ್ರೋಮಿಯಂ, 4ರಷ್ಟು ಮಾಲಿಬ್ಡಿನಂ, ಮತ್ತೊಂದರಲ್ಲಿ 0.6ರಷ್ಟು ಇಂಗಾಲ, 13ರಷ್ಟು ಕ್ರೋಮಿಯಂ. ಉಕ್ಕಿನ ಡಬ್ಬಿಯಲ್ಲಿ ಇವನ್ನು ಪದರ ಪದರವಾಗಿ ತುಂಬಿ, ಗಾಳಿ ತೆಗೆದು, ಬಾಯಿ ಬೆಸೆದುಬಿಡುತ್ತಾರೆ. ಆ ಡಬ್ಬಿಯನ್ನು 1,100 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ, ವಾತಾವರಣದ ಸುಮಾರು ಸಾವಿರ ಪಟ್ಟು ಒತ್ತಡದಲ್ಲಿ, ಎಲ್ಲ ದಿಕ್ಕಿನಿಂದಲೂ ಅಮುಕುತ್ತಾರೆ. ಸಂದುಗಳು ಮುಚ್ಚಿ ಪುಡಿ ಒಂದೇ ಗಟ್ಟಿಯಾಗುತ್ತದೆ. ಪದರಗಳು ಪದರಗಳಾಗಿಯೇ ಉಳಿಯುತ್ತವೆ. ಆಮೇಲಿನ ಕೆಲಸ ಹಳೆಯದೇ: ಕಾಯಿಸಿ ಬಡಿಯುವುದು, ಎಳೆಯುವುದು, ತಿರುಚುವುದು. ಕೊನೆಗೆ ಆಮ್ಲದಲ್ಲಿ ಅದ್ದಿದರೆ ಒಂದು ಉಕ್ಕು ಬೇಗ ಸವೆದು ಕಪ್ಪಾಗುತ್ತದೆ, ಮತ್ತೊಂದು ಹೊಳಪು ಉಳಿಸಿಕೊಳ್ಳುತ್ತದೆ.

ಇಷ್ಟೊಂದು ಶಾಖದಲ್ಲೂ ಪದರಗಳು ಕಲಸಿಹೋಗದಿರುವುದು ಹೇಗೆ? ನಿಜವೆಂದರೆ ಅರ್ಧ ಕಲಸಿಹೋಗಿರುತ್ತವೆ. ಇಂಗಾಲದ ಪರಮಾಣು ಬಹಳ ಚಿಕ್ಕದು. ಕಾದ ಉಕ್ಕಿನಲ್ಲಿ ಅದು ಪದರದಿಂದ ಪದರಕ್ಕೆ ಬೇಗ ದಾಟುತ್ತದೆ. ಕ್ರೋಮಿಯಂ, ಮಾಲಿಬ್ಡಿನಂಗಳು ದೊಡ್ಡವು, ನಿಧಾನಿಗಳು, ಇದ್ದಲ್ಲೇ ಉಳಿಯುತ್ತವೆ. ಕಣ್ಣಿಗೆ ಕಾಣುವ ಕಪ್ಪು ಬಿಳುಪಿನ ಗೆರೆಗಳು ಈ ನಿಧಾನಿಗಳು ಉಳಿಸಿಕೊಟ್ಟ ಗಡಿಗಳು.

ಹಾಗಾದರೆ ಚಿತ್ತಾರದ ಕರ್ತೃ ಯಾರು? ಮೂಸೆಯ ಉಕ್ಕಿನಲ್ಲಿ ಅದಿರಿನೊಳಗೆ ಅಡಗಿದ್ದ ಅಂಶಕ್ಕೂ ಕಮ್ಮಾರನ ಕೈಗೂ ಸಮಪಾಲು. ಬಡಿದು ಬೆಸೆದ ಉಕ್ಕಿನಲ್ಲಿ ತೋಳಿನ ಬಲ ಮತ್ತು ಕಣ್ಣಿನ ಎಚ್ಚರ. ಪುಡಿಯ ಉಕ್ಕಿನಲ್ಲಿ ಪ್ರತಿಯೊಂದು ಪದರವನ್ನೂ ತೂಗಿ ಅಳೆದು ಮೊದಲೇ ನಿರ್ಧರಿಸಿದ ಲೆಕ್ಕ. ಕೊನೆಯದು ಹೆಚ್ಚು ಭರವಸೆಯದು, ಬೆಲೆಯಲ್ಲಿ ದುಬಾರಿ. ಅದರಲ್ಲಿ ಆಕಸ್ಮಿಕಕ್ಕೆ ಜಾಗ ಕಡಿಮೆ. ಆದರೆ ಅದಕ್ಕೊಂದು ದೊಡ್ಡ ಗುಣವಿದೆ. ಅದರ ಪಾಕ ಬರಹದಲ್ಲಿದೆ. ಅದಿರು ಬದಲಾದರೂ, ಮಾಡುವ ಕೈ ಬದಲಾದರೂ, ಮುಂದಿನವರು ಅದನ್ನು ಮತ್ತೆ ಮಾಡಬಲ್ಲರು. ಮೈಸೂರು ಸೀಮೆಯ ಮೂಸೆಗಳಿಗೆ ಆ ಭಾಗ್ಯ ಇರಲಿಲ್ಲ. ಅವುಗಳ ಬೆಂಕಿ ಆರಿದ ಮೇಲೆ ಜಗತ್ತಿಗೆ ಉಳಿದದ್ದು ಸಂಗ್ರಹಾಲಯಗಳ ಕೆಲವು ಅಲಗುಗಳು, ಮತ್ತು ರೂಪ ಕೆಟ್ಟ ಒಂದು ಕನ್ನಡದ ಮಾತು.